ಪಿಂಗಾಣಿಯ ಮೇಲಿನ ಕುಂಕುಮ

ಹೆಂಗಸರ ಹಣೆಯ ಕುಂಕುಮ ಒರೆಸುವುದನ್ನು ನಾನು ಸಣ್ಣವಳಿದ್ದಾಗಿನಿಂದ ಕಂಡವಳು. ಆದರೆ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲಿನ ಕುಂಕುಮ ಒರೆಸಲು ಇಡೀ ಕಾರಖಾನೆ ಹೆದರಿ ನಿಂತದ್ದನ್ನು ಕಂಡದ್ದು ಒಂದೇ ಸಲ. ಕೊಪ್ಪಳದಲ್ಲಿ, ವಿಜಯದಶಮಿಯ ಬೆಳಿಗ್ಗೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಎದೆ ಧಸಕ್ಕೆನ್ನುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ಸಿಟ್ಟು ನನ್ನ ಹುಟ್ಟುಗುಣ. ತವರುಮನೆ ಕುಷ್ಟಗಿಯಲ್ಲಿ ನನ್ನನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು.

ಗಂಡನ ಊರು ಯಲಬುರ್ಗಾ. ಇವರು ಕೊಪ್ಪಳ ಸ್ಟೇಶನ್ನಿನ ಹತ್ತಿರದ ಒಂದು ಜಿನ್ನಿನಲ್ಲಿ, ಹತ್ತಿಯ ಬೀಜ ಬಿಡಿಸುವ ಕಾರಖಾನೆಯಲ್ಲಿ, ಬಿಜಲಿ ಮೇಸ್ತ್ರಿ. ಆಗ ನಿಜಾಮರ ಆಳಿಕೆ, ಹೊರಗೆಲ್ಲ ದೊಡ್ಡ ಲಡಾಯಿ ನಡೆದಿದ್ದ ಕಾಲ. ಊರೊಳಗೆ ಕಂದೀಲು, ಚಿಮಣಿ ದೀಪಗಳೇ. ಬಿಜಲಿ ಅಂದರೆ ಅದು ಸಾಹುಕಾರರ ಸೊತ್ತು. ಕಾರಖಾನೆಯ ಹಿಂದಿನ ಸಾಲುಮನೆಯೊಂದರಲ್ಲಿ ನಾವು ಮೂವರಿದ್ದೆವು: ಇವರು, ನಾನು, ನಮ್ಮತ್ತೆ. ಮಾವ ತೀರಿಕೊಂಡಾಗ ಇವರು ಇನ್ನೂ ತೊಟ್ಟಿಲಲ್ಲಿದ್ದರಂತೆ. ಆವತ್ತಿನಿಂದ ಅತ್ತೆಯದು ಬರಿ ಹಣೆ, ಬರಿಗೈ. ಮದುವೆ ನಡೆದ ಮನೆಯ ಮುಂದೆ ಹಾಯುವಾಗ ತಾನಾಗಿಯೇ ಓಣಿಯ ಆಚೆ ಬದಿಗೆ ಸರಿಯುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ಅತ್ತೆ ಮಾತ್ರ ಏನೂ ಆಗದವಳಂತೆ ನಡೆಯುತ್ತಿದ್ದಳು.

ನಮ್ಮ ಸಾಹುಕಾರರದು ರೈಲ್ವೆ ಹಳಿಯ ಈಚೆಗೆ ಜಿನ್ನು, ಆಚೆಗೆ ಎಣ್ಣೆ ಮಿಲ್ಲು. ಬಿಜಲಿ ಹುಟ್ಟಿಸುವ ಇಂಜಿನ್ನು ಈಚೆಗಿತ್ತು. ಹಳಿಯ ಮೇಲೆ ತಂತಿ ಎಳೆಯಲು ರೈಲ್ವೆಯವರು ಬಿಡಲಿಲ್ಲವಂತೆ. ಹಾಗಾಗಿ ನೆಲದಡಿ ತೋಳುಗಾತ್ರದ ಕೇಬಲ್ಲು ಹೂತು ಆಚೆಗೆ ಒಯ್ದಿದ್ದರು. ಸಾವಿರಾರು ವೋಲ್ಟಿನ ಬಿಜಲಿ ಅದರೊಳಗೆ ಓಡುತ್ತಿತ್ತು. ಕೇಬಲ್ಲು ನೆಲದಿಂದ ಮೇಲೇಳುವ ಕಡೆ, ಈಚೆಗೊಂದು ಆಚೆಗೊಂದು, ಸಣ್ಣ ಖೋಲಿ. ಖೋಲಿಯೊಳಗೆ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯ ನೆತ್ತಿಯ ಮೇಲೆ ಬಿಳಿ ಪಿಂಗಾಣಿಯ ಮೂರು ಕಂಬ, ಬಟ್ಟಲುಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಪೇರಿಸಿದ ಹಾಗೆ. ಕೇಬಲ್ಲಿನ ತಾಮ್ರ ಆ ಪಿಂಗಾಣಿಯ ನಡುವಿನಿಂದ ಹೊರಗೆ ಬರುತ್ತಿತ್ತು. ಬಿಜಲಿ ಹಾಕುವ ಹಿಡಿಕೆಯೂ ಈಚೆಯ ಖೋಲಿಯಲ್ಲೇ, ಪೆಟ್ಟಿಗೆಯಿಂದ ಒಂದು ಮಾರು ದೂರದಲ್ಲಿ.

ಮದುವೆಯಾದ ಹೊಸತು. ಶ್ರಾವಣದ ಜಿನುಗು ಮಳೆಯ ಒಂದು ಸಂಜೆ ಇವರಿಗೆ ಬುತ್ತಿ ಕೊಡಲು ಖೋಲಿಯ ಬಾಗಿಲ ತನಕ ಹೋದೆ. ಒಳಗಿನಿಂದ ಸುಂಯ್ ಎಂದು ಸದ್ದು ಬರುತ್ತಿತ್ತು, ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ. ಇಣುಕಿದೆ. ಅಯ್ಯಯ್ಯೋ! ಪಿಂಗಾಣಿಯ ಮೈಮೇಲೆ ನೀಲಿ ಬೆಳಕು ಹರಿದಾಡುತ್ತಿತ್ತು. ಎಂದೂ ಮೂಸದ ಘಾಟು ವಾಸನೆ. ಬುತ್ತಿ ಕೈಬಿಟ್ಟು ಚೀರಿದೆ. ಇವರು ಎಲ್ಲಿದ್ದರೋ ಓಡಿಬಂದು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು, ಇಂಜಿನ್ನಿನವನಿಗೆ ಕೂಗಿ ಹೇಳಿ ಬಿಜಲಿ ಬಂದ್ ಮಾಡಿಸಿದರು.

"ಏನ್ರೀ ಅದು? ದೆವ್ವ ಹೊಕ್ಕೈತೇನ್ರಿ?"

"ದೆವ್ವ ಅಲ್ಲ, ಹೊಲಸು," ಎಂದರು ಇವರು. ಅವರಿಗೂ ಏದುಸಿರು. "ಬಿಜಲಿ ಹೊರಗ ಹಾರಾಕ ದಾರಿ ಹುಡುಕ್ತಿರತೈತಿ. ಪಿಂಗಾಣಿ ಸ್ವಚ್ಛ ಇದ್ದು ಒಣಗಿತ್ತಂದ್ರ ದಾರಿ ಇಲ್ಲ. ಅದರ ಮ್ಯಾಲೆ ಹತ್ತಿ ಧೂಳು ಕುಂತು, ಧೂಳು ಹಸಿ ಆತಂದ್ರ, ಆ ಹಸಿಗುಂಟ ಹರಕೊಂಡು ಕಬ್ಬಿಣಕ್ಕ ಬರತೈತಿ. ಈಗ ಬರೇ ಬೆಳಕು ಕಂಡಿ. ಇನ್ನೊಂದೀಟು ಹಸಿ ಇತ್ತಂದ್ರ ಢಂ ಅಂತಿತ್ತು."

"ಢಂ ಅಂದ್ರ ಏನಾಗ್ತೈತ್ರಿ?"

ಇವರು ಚೆಲ್ಲಿದ ಬುತ್ತಿಯನ್ನು ಕೂಡಿಸಿಕೊಳ್ಳುತ್ತ ಹೇಳಿದರು: "ನನಗ ಈ ಕೆಲಸ ಕಲಿಸಿದ ಉಸ್ತಾದ ಹಿಂಗ ಹಿಡಿಕಿ ಹಾಕಿ ನಿಂತಿದ್ದ. ಆಮ್ಯಾಲೆ ಅವನ ಮುಖ ಗುರ್ತು ಹಿಡಿಯಾಂಗ ಇರಲಿಲ್ಲ. ಮಣ್ಣು ಮಾಡುವಾಗ ಅವನ ಹೇಣ್ತಿಗೆ ತೋರಿಸಲಿಲ್ಲ ನಾವು."

ನನಗೆ ಗಂಡನನ್ನು ನೋಡಿ ಮಾಡಿ ಕೊಟ್ಟವರು, ಹುಡುಗ ದೀಪ ಹಚ್ಚುವ ಕೆಲಸದಲ್ಲಿದ್ದಾನೆ ಎಂದಷ್ಟೇ ಹೇಳಿದ್ದರು. ದೀಪವಂತೆ ದೀಪ! ಆವತ್ತಿನಿಂದ ಇವರು ಕೆಲಸಕ್ಕೆ ಹೊರಟರೆ ಮರಳಿ ಹೊಸ್ತಿಲು ತುಳಿಯುವ ತನಕ ನನ್ನ ಜೀವ ಕೈಯಲ್ಲಿ.

ಅಮಾವಾಸ್ಯೆಗೆ ಜಿನ್ನಿಗೆ ರಜೆ. ಎತ್ತು ಹೂಡದ ದಿನ ಇಂಜಿನ್ನಿಗೂ ಬಿಡುವು. ಆ ದಿನ ಇವರು ಎರಡೂ ಖೋಲಿ ತೆರೆದು ಪಿಂಗಾಣಿ ಒರೆಸುತ್ತಿದ್ದರು. ಮೊದಲು ಬಿದಿರುಗಳುವಿಗೆ ಕಟ್ಟಿದ ಸರಪಳಿಯನ್ನು ತಾಮ್ರಕ್ಕೆ ಸಿಕ್ಕಿಸಬೇಕು; ಸರಪಳಿಯ ಇನ್ನೊಂದು ತುದಿ ನೆಲದಲ್ಲಿ ಹೂತಿರುತ್ತಿತ್ತು. ಬಂದ್ ಮಾಡಿದ ಮೇಲೂ ಕೇಬಲ್ಲಿನ ಹೊಟ್ಟೆಯಲ್ಲಿ ಬಿಜಲಿ ಉಳಿದಿರುತ್ತದೆ, ಅದು ಸರಪಳಿಗುಂಟ ನೆಲಕ್ಕೆ ಇಳಿದುಹೋಗಬೇಕು. ಆಮೇಲೆ ಒಣ ಅರಿವೆಯಿಂದ ಬಟ್ಟಲು ಬಟ್ಟಲಿನ ಸಂದಿಯನ್ನೂ ಒರೆಸುವುದು. ಆ ಅರಿವೆಗಳು ಅತ್ತೆಯ ಪಾಲಿನ ಕೆಲಸ. ಹಳೆಯ ಧೋತರ ಹರಿದು, ಚೌಳು ಮಣ್ಣು ಹಾಕಿ ಕುದಿಸಿ ಒಗೆದು, ಬಂಡೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದಳು. ಒಣಗಿದವನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ತುಸು ತಂಪು ಅನ್ನಿಸಿದರೂ ಮತ್ತೆ ಬಿಸಿಲಿಗೆ.

"ಸಾಕ್ ಬಿಡ್ರಿ ಅತ್ತಿ, ಸುಟ್ಟು ಬೂದಿ ಆಗ್ತಾವ ಇನ್ನ," ಎಂದು ನಾನು ಕಾಡಿಸುತ್ತಿದ್ದೆ.

"ಆಗ್ಲಿ ಬಿಡ ಯವ್ವಾ. ಹಸಿ ಅರಿವಿ ಕೊಟ್ಟು ಮಗನ್ನ ಕಳಕೊಳ್ಳಲೇನು?" ಎನ್ನುತ್ತಿದ್ದಳು. ಅವಳಿಗಿದ್ದದ್ದು ಇವರೊಬ್ಬರೇ.

ಮುಂದಿನ ವರ್ಷ ಮಳೆಗಾಲವೆಲ್ಲ ಕಾರಖಾನೆ ಬಂದ್ ಇತ್ತು. ವಿಜಯದಶಮಿಯ ಬೆಳಿಗ್ಗೆ ಒಳ್ಳೆಯ ಹೊತ್ತಿಗೆ ಬಿಜಲಿ ಹಾಕಿ ಹಂಗಾಮು ಶುರು ಮಾಡುವುದೆಂದು ಸಾಹುಕಾರರು ಗೊತ್ತು ಮಾಡಿದ್ದರು. ಇವರು ನಾಲ್ಕು ದಿನ ಮೊದಲೇ ಎರಡೂ ಖೋಲಿ ಒರೆಸಿ, ಕೀಲಿ ಹಾಕಿ, ಇಂಜಿನ್ನಿನ ಯಾವುದೋ ಸಾಮಾನು ತರಲು ಗಂಗಾವತಿಗೆ ಹೋದರು. ಬರುವಷ್ಟರಲ್ಲಿ ಮಹಾನವಮಿಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಆಗಿಹೋಗಿತ್ತು.

ಆ ದಿನ ಸಾಹುಕಾರ್ತಿ ಆರತಿ ತಟ್ಟೆ ಹಿಡಿಯಲು ನನ್ನನ್ನೂ ಕರೆಸಿದ್ದಳು. ಅತ್ತೆ ಕಾರಖಾನೆಯ ಗೇಟಿನ ಹೊರಗೆ ಬೇವಿನ ಮರದ ಬುಡಕ್ಕೆ ಕೂತಳು. ಒಳಗೆ ಬಂದರೆ ಅಪಶಕುನವಲ್ಲ! ಮುತ್ತೈದೆಯರೆಲ್ಲ ಇಂಜಿನ್ನಿಗೆ, ತಕ್ಕಡಿಗೆ, ಜಿನ್ನಿನ ಸಾಲಿಗೆ ಪೂಜೆ ಮುಗಿಸಿದೆವು. ಆಮೇಲೆ ಲೆಕ್ಕ ಬರೆಯುವ ಮುನೀಮ ತನ್ನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಕೇಬಲ್ಲಿನ ಖೋಲಿ ತೆರೆದ. ಬಿಳಿ ಪಿಂಗಾಣಿಯ ಮೂರು ಕಂಬ ಕಂಡವೋ ಇಲ್ಲವೋ, ಸಾಹುಕಾರ್ತಿ "ಯವ್ವಾ, ಶಕ್ತಿ ಅಂದ್ರ ಇದನ ನೋಡ್ರಿ" ಎಂದು ಕೈಮುಗಿದಳು. ವಿಭೂತಿ ಬಳಿದರು, ಅರಿಷಿಣ ಹಚ್ಚಿದರು, ನೆನೆಸಿದ ಕುಂಕುಮ ಇಟ್ಟರು. ಕಬ್ಬಿಣದ ಪೆಟ್ಟಿಗೆಗೇ ಕಾಯಿ ಒಡೆದು ನೀರನ್ನು ನೆತ್ತಿಯಿಂದ ಸುರಿದರು. ಅದು ಪಿಂಗಾಣಿಯ ಮೈಗುಂಟ ಕೆಂಪಾಗಿ ಇಳಿಯಿತು.

ನಾನು ಆರತಿ ತಟ್ಟೆ ಕೆಳಗಿಟ್ಟು ಮುಂದೆ ಬಂದೆ. "ಅವ್ವಾರ, ಅದಕ್ಕ ಹಸಿ ತಾಗಬಾರದ್ರಿ. ನಮ್ಮನ್ಯಾಗ ಹೇಳ್ಯಾರ್ರಿ," ಎಂದೆ.

"ದೇವರ ಕೆಲಸದಾಗ ಬಾಯಿ ಹಾಕಬ್ಯಾಡ," ಎಂದಳು ಸಾಹುಕಾರ್ತಿ. ಮುನೀಮ ಬಾಗಿಲಿಗೆ ಬೇರೆಯದೇ ಬೀಗ ಜಡಿದ. ಪೂಜೆ ಕೂತ ಖೋಲಿ, ಬೆಳಗಿನ ತನಕ ಯಾರೂ ಮುಟ್ಟುವಂತಿಲ್ಲ.

ಇವರು ಊರಿಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಕೈಕಾಲು ತೊಳೆಯುವ ಮೊದಲೇ ಎಲ್ಲ ಹೇಳಿದೆ. ಕೇಳಿದ್ದೇ ತಡ, ಅರಿವೆ ಹಿಡಿದು ಓಡಿದರು, ಬೀಗ ನೋಡಿ ವಾಪಸು ಬಂದರು. ಮುನೀಮನ ಮನೆಗೆ ಹೋದರೆ, ನಾಳೆ ನೋಡೋಣ ಅಂದನಂತೆ. ಅನ್ನದ ಮುಂದೆ ಕೂತು ಬರೀ ಕಲಸಿದರು. ಅತ್ತೆ ಒಲೆಯ ಹತ್ತಿರ ತಂತಿಗೆ ಅರಿವೆಗಳನ್ನು ಇಳಿಬಿಟ್ಟಳು.

ಬೆಳಿಗ್ಗೆ ಇಡೀ ಕಾರಖಾನೆ ಖೋಲಿಯ ಮುಂದೆ ನೆರೆದಿತ್ತು. ಸಾಹುಕಾರರ ಮನೆಮಂದಿ, ಪೂಜೆಯ ಅಯ್ಯನವರು, ಹಮಾಲರು, ಹತ್ತಿ ಆರಿಸುವ ಹೆಂಗಸರು, ಎಲ್ಲ ಹೊಸ ಅರಿವೆ ಉಟ್ಟು ಬಂದಿದ್ದರು. ಆಚೆಯ ಎಣ್ಣೆ ಮಿಲ್ಲಿನ ಮಂದಿಯೂ ಪ್ರಸಾದಕ್ಕೆಂದು ಈಚೆಗೇ ಬಂದಿದ್ದರು. ಬಾಗಿಲು ತೆರೆದಾಗ ಇವರು ಮೊದಲು ಸರಪಳಿ ಸಿಕ್ಕಿಸಿದರು. ಆಮೇಲೆ ಬೆರಳಿನಿಂದ ಪಿಂಗಾಣಿ ಮುಟ್ಟಿ ನೋಡಿದರು. ಬೆರಳು ಕೆಂಪಾಗಿ ಅಂಟಿತು.

"ಸಾಹುಕಾರ್ರ, ಇನ್ನೂ ಹಸಿ ಐತ್ರಿ. ಇದನ್ನ ಒರಸದ ಬಿಜಲಿ ಹಾಕಾಕ ಬರೂದಿಲ್ರಿ. ಒಡದು ಸಿಡೀತೈತ್ರಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಸಾಹುಕಾರ್ತಿ ಸೆರಗು ಬಾಯಿಗೆ ಹಿಡಿದಳು. "ದಶಮಿ ದಿನ ಕುಂಕುಮ ಒರಸ್ತಿಯೇನೋ? ಇಲ್ಲಿ ಎಷ್ಟ್ ಮಂದಿ ಮುತ್ತೈದೇರು ನಿಂತಾರ, ಕಣ್ಣ ಕಾಣ್ಸೂದಿಲ್ಲೇನು? ನಿನ್ನ ಹೇಣ್ತಿ ಹಣಿ ಮ್ಯಾಲೆ ಕುಂಕುಮ ಇರೂದು ಬ್ಯಾಡೇನು ನಿನಗ?"

ಎಂಥ ಮಾತು! ನನ್ನ ಕೈ ತಾನಾಗಿ ಹಣೆಗೆ ಹೋಯಿತು. ಒರೆಸಿದರೆ ಗಂಡ ಸಾಯುತ್ತಾನೆ ಎನ್ನುತ್ತಾಳೆ ಇವಳು. ಒರೆಸದಿದ್ದರೆ ಸಾಯುತ್ತಾನೆಂದು ನನಗೆ ಗೊತ್ತು. ಹಮಾಲರಲ್ಲಿ ಒಬ್ಬ ಹಿರಿಯ, ಕುಂಕುಮ ಅಳಿಸಿದ ಕಾರಖಾನೆಗೆ ನಾವು ಕಾಲಿಡುವುದಿಲ್ಲ ಎಂದ. ಇಲ್ಲ ಇಲ್ಲ ಎಂದು ಉಳಿದವರೂ ದನಿಗೂಡಿಸಿದರು. ಅಯ್ಯನವರು ಹೊತ್ತು ಮೀರುತ್ತದೆ ಎಂದರು. ಸಾಹುಕಾರರು ಇವರನ್ನೂ ನೋಡಿದರು, ಮಂದಿಯನ್ನೂ ನೋಡಿದರು.

"ಒರಸಬ್ಯಾಡ. ದೇವರು ಅದಾನ. ಹಿಡಿಕಿ ಹಾಕು," ಎಂದುಬಿಟ್ಟರು.

ಇವರು ಅರಿವೆ ಹಿಡಿದು ನಿಂತೇ ಇದ್ದರು. ಕೈ ಮೇಲೇಳಲಿಲ್ಲ. ನನ್ನ ಗಂಡ ಮೆತ್ತನೆಯ ಮನುಷ್ಯ, ಯಾರಿಗೂ ಎದುರಾಡಿದವರಲ್ಲ. ಕಡೆಗೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ನೀ ದೂರ ಹೋಗಿ ನಿಂದ್ರು. ಅವ್ವನ ಹತ್ರ ಹೋಗು," ಎಂದರು. ಹಾಗಾದರೆ ಇವರು ಹಿಡಿಕೆ ಹಾಕುವವರೇ! ಉಸ್ತಾದನ ಮುಖವನ್ನು ನಾನು ಕಂಡವಳಲ್ಲ, ಆದರೂ ಆ ಗಳಿಗೆಯಲ್ಲಿ ಅದು ನನ್ನ ಕಣ್ಣ ಮುಂದೆ ಬಂದು ನಿಂತಿತು. ಬೇಡರೀ ಎಂದು ಕೂಗಬೇಕೆಂದು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಮೆಣಸಿನಕಾಯಿ ಅಂತೆ ನಾನು!

ಅಷ್ಟರಲ್ಲಿ ಹಿಂದಿನ ಗುಂಪು ಎರಡು ಹೋಳಾಗಿ ಸರಿಯಿತು. ಮೈಲಿಗೆ ತಾಗುವುದನ್ನು ತಪ್ಪಿಸಿಕೊಳ್ಳುವಂತೆ ಹೆಂಗಸರು ಸೀರೆ ಎತ್ತಿ ಹಿಡಿದು ಸರಿದರು. ನಡುವೆ ನಮ್ಮತ್ತೆ ಬರುತ್ತಿದ್ದಳು. ಹಬ್ಬದ ಕಾರ್ಯದೊಳಗೆ ಅವಳು ಕಾಲಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಸೆರಗು ಸೊಂಟಕ್ಕೆ ಬಿಗಿದಿದ್ದಳು. ಹೊಸ್ತಿಲು ದಾಟಿ ಖೋಲಿಯೊಳಗೆ ಹೋದಳು.

"ಸರಪಳಿ ಹಾಕಿಯೇನ ತಮ್ಮಾ?" ಎಂದು ಮಗನನ್ನು ಕೇಳಿದಳು.

"ಹಾಕೀನಿ ಯವ್ವಾ. ನೀ ಯಾಕ..."

"ಸರಿ ಅತ್ಲಾಗ."

ಸೊಂಟದಿಂದ ಅರಿವೆ ತೆಗೆದು ಕೆನ್ನೆಗೊಮ್ಮೆ ಒತ್ತಿಕೊಂಡಳು. ಆಮೇಲೆ ಒರೆಸತೊಡಗಿದಳು. ಕುಂಕುಮ, ಅರಿಷಿಣ, ವಿಭೂತಿ, ಕಾಯಿನೀರಿನ ಅಂಟು, ಎಲ್ಲವನ್ನೂ. ಬಟ್ಟಲುಗಳ ಸಂದಿಯೊಳಗೆ ಬೆರಳು ತೂರಿಸಿ ತಿಕ್ಕಿದಳು. ಒಂದು ಅರಿವೆ ಕೆಂಪಾದರೆ ಇನ್ನೊಂದು. ಸಾಹುಕಾರ್ತಿ "ಅಯ್ಯೋ, ಆಕಿನ್ನ ಹಿಡೀರೋ" ಎಂದಳು. ಯಾರು ಹಿಡಿಯುತ್ತಾರೆ? ಹಬ್ಬದ ದಿನ ವಿಧವೆಯ ಮೈ ಮುಟ್ಟಲು ಒಬ್ಬನೂ ಮುಂದೆ ಬರಲಿಲ್ಲ.

ಅತ್ತೆ ತಿರುಗಿ ನೋಡದೆಯೇ ಹೇಳಿದಳು: "ನಿಮಗೆಲ್ಲಾ ಕುಂಕುಮದ ಅಂಜಿಕಿ ಐತ್ರಿ. ನಂದು ಯಾವಾಗೋ ಒರಸ್ಯಾರ. ನಂದಿನ್ನ ಏನು ಹೋಗೂದೈತಿ?"

ಇಷ್ಟು ವರ್ಷ ಓಣಿಯ ಆಚೆ ಬದಿಗೆ ಸರಿದು ನಡೆದ ಹೆಂಗಸು ಇವಳೇನಾ? ಕೊನೆಯ ಪಿಂಗಾಣಿ ಬೆಳ್ಳಗಾದ ಮೇಲೆ ಅತ್ತೆ ಕೆಂಪು ಅರಿವೆಗಳನ್ನು ಗಂಟು ಕಟ್ಟಿಕೊಂಡು ಬಂದ ದಾರಿಯಲ್ಲೇ ಹೊರಗೆ ಹೋದಳು.

ಉಳಿಸಿಕೊಳ್ಳಲು ಇನ್ನು ಕುಂಕುಮವೇ ಇರಲಿಲ್ಲವಲ್ಲ. ಸಾಹುಕಾರರು ಬೆವರು ಒರೆಸಿಕೊಂಡು "ಹಾಕು ಜಲ್ದಿ" ಎಂದರು. ಇವರು ಮುನೀಮನನ್ನು ಕೇಳಿದರು: "ಆಚಿ ಖೋಲಿಗೆ ಯಾರೂ ಹೋಗಿಲ್ಲಲ್ರೀ?"

"ಇಲ್ಲೋ ಮಾರಾಯಾ. ಅಲ್ಲಿ ಯಾರು ಹೋಗ್ತಾರ?" ಎಂದ ಮುನೀಮ.

ಇವರು ಸರಪಳಿ ತೆಗೆದರು. ಹಿಡಿಕೆ ಹಾಕಿದರು. ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಸುಂಯ್ ಎನ್ನುವ ಸದ್ದೂ ಇಲ್ಲ. ಕಣ್ಣು ತೆರೆದು ಇವರ ಮುಖ ನೋಡಿ, ಅಬ್ಬಾ ಎಂದುಕೊಂಡೆ. ಅಷ್ಟರಲ್ಲೇ ಹಳಿಯ ಆಚೆಯಿಂದ ಢಂ! ಸ್ಟೇಶನ್ನಿನ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಎಣ್ಣೆ ಮಿಲ್ಲಿನ ಖೋಲಿಯ ಬಾಗಿಲು ಹಾರಿಹೋಗಿ ಕಪ್ಪು ಹೊಗೆ ಬರುತ್ತಿತ್ತು. ಇವರು ಹಿಡಿಕೆ ಎಳೆದು, ಇಂಜಿನ್ ನಿಲ್ಲಿಸಿರೋ ಎಂದು ಕೂಗುತ್ತ ಓಡಿದರು. ಎಲ್ಲರೂ ಓಡಿದೆವು. ಪುಣ್ಯಕ್ಕೆ ಆಚೆಗೆ ಒಂದು ನರಪಿಳ್ಳೆ ಇರಲಿಲ್ಲ. ಪಿಂಗಾಣಿ ಚೂರುಚೂರಾಗಿ ಗೋಡೆಯ ಗಾರೆಯಲ್ಲಿ ನೆಟ್ಟುಕೊಂಡಿತ್ತು, ಕಬ್ಬಿಣದ ಪೆಟ್ಟಿಗೆ ಸೀಳಿತ್ತು. ಇವರು ಒಂದು ಚೂರನ್ನು ಎತ್ತಿ ತೋರಿಸಿದರು. ಅದರ ಮೇಲೆ ಕುಂಕುಮದ ಬೊಟ್ಟು, ಬೊಟ್ಟಿನಿಂದ ಕಾಯಿನೀರು ಇಳಿದ ಜಾಡಿಗುಂಟ ಕರ್ರಗೆ ಸುಟ್ಟ ಗೆರೆ. ಮುನೀಮನ ಹೆಂಡತಿ ನವಮಿಯ ಸಂಜೆ ಗಂಡನ ಕೀಲಿ ಗೊಂಚಲು ಒಯ್ದು ಆಚೆಗೂ ಹೋಗಿ ಪೂಜೆ ಮಾಡಿ ಬಂದಿದ್ದಳಂತೆ. ಗಂಡನಿಗೂ ಹೇಳಿರಲಿಲ್ಲ.

ಈಚೆಯ ಪಿಂಗಾಣಿಯನ್ನು ಒರೆಸದೆ ಬಿಟ್ಟಿದ್ದರೆ ಆ ಚೂರು ನೆಡುತ್ತಿದ್ದದ್ದು ಎಲ್ಲಿ ಎಂದು ಯಾರಿಗಾದರೂ ತಿಳಿಯಬೇಕಲ್ಲ? ಅದೊಂದು ಬಿಟ್ಟು ಎಲ್ಲ ತಿಳಿಯಿತು ಆ ಮಂದಿಗೆ. ಸಾಹುಕಾರ್ತಿ ಎಲ್ಲರ ಮುಂದೆ ಕೈ ಚಾಚಿ ಅಂದಳು: "ಗಂಡನ್ನ ತಿಂದಾಕಿ ಕೈ ಹಚ್ಚಿದ್ಲು, ದೇವಿ ಮುನಿದ್ಲು. ನೋಡ್ರಿ, ಹೆಂಗ ಒಡದು ಹೋತು!"

ಕಳೆದುಹೋಗಿದ್ದ ನನ್ನ ದನಿ ಆಗ ಬಂತು ನೋಡಿ. "ಏನಂದ್ರಿ ಅವ್ವಾರ? ನಮ್ಮತ್ತಿ ಕೈ ಹಚ್ಚಿದ್ದು ಆಚಿ ಖೋಲಿಗಲ್ರೀ, ಈಚಿ ಖೋಲಿಗೆ! ಮುನಿಯೂ ದೇವಿ ಇಲ್ಲೇ ಮುನಿಯೂದು ಬಿಟ್ಟು ರೈಲು ಹಳಿ ದಾಟಿ ಹೋಗಿ ಮುನಿದ್ಲೇನ್ರಿ? ಆಕಿ ಒರಸಿದ್ದು ಉಳೀತು, ನೀವು ಪೂಜಿ ಮಾಡಿದ್ದು ಸಿಡೀತು. ಕಣ್ಣಿದ್ರ ನೋಡ್ರಿ!"

ಇವರು ನನ್ನ ಬಾಯಿ ಮುಚ್ಚಿಸಲಿಲ್ಲ. ಜನ್ಮದಲ್ಲಿ ಮೊದಲ ಸಲ. ಸಾಹುಕಾರರು ಆ ಚೂರನ್ನು ಕೈಯಲ್ಲಿ ಹೊರಳಿಸಿ ನೋಡುತ್ತ ನಿಂತರು, ಕೆಲಸದಿಂದ ತೆಗೆಯುವ ಮಾತು ಎತ್ತಲಿಲ್ಲ. ಲಡಾಯಿಯ ಕಾಲ, ಹೊಸ ಪಿಂಗಾಣಿ ಬರುವ ತನಕ ಎಣ್ಣೆ ಮಿಲ್ಲು ಕತ್ತಲೆಯಲ್ಲೇ ಬಿದ್ದಿತ್ತು.

ಮನೆಗೆ ಬಂದು ನೋಡಿದರೆ ಅತ್ತೆ ಬಂಡೆಯ ಮೇಲೆ ಕೂತು ಆ ಅರಿವೆಗಳನ್ನು ಒಗೆಯುತ್ತಿದ್ದಳು. ನೀರು ಕೆಂಪಗೆ ಹರಿಯುತ್ತಿತ್ತು. ಸದ್ದು ಅವಳಿಗೂ ಕೇಳಿಸಿತ್ತು. ಮಗನ ಮುಖ, ಕೈ, ಎದೆ ಎಲ್ಲ ನೋಡಿ, ಮತ್ತೆ ಒಗೆಯತೊಡಗಿದಳು. ಆಗಲೇ ಬೆಳ್ಳಗಾಗಿದ್ದ ಅರಿವೆಯನ್ನೇ ಮತ್ತೆ ಮತ್ತೆ ತಿಕ್ಕುತ್ತಿದ್ದಳು.

ಮುಂದೆ ಎರಡೂ ಖೋಲಿ ಒರೆಸುವ ಕೆಲಸವನ್ನು ಸಾಹುಕಾರರು ಅತ್ತೆಗೇ ಹಚ್ಚಿದರು. ಆಕೆ ಒರೆಸಿದರೆ ಉಳಿದವರಿಗೆ ದೋಷ ತಟ್ಟುವುದಿಲ್ಲ ಎಂದು ಲೆಕ್ಕ. ಥೂ, ಎಂಥ ಲೆಕ್ಕ! ನಾನು ಕೂಗಾಡಿದೆ. ಅತ್ತೆ ಮಾತ್ರ ಹಿಗ್ಗಿನಿಂದಲೇ ಹೋಗುತ್ತಿದ್ದಳು. ಇವರು ಸರಪಳಿ ಹಿಡಿಯುವುದು, ಅವಳು ಒರೆಸುವುದು. ಅಲ್ಲಿಂದ ಮುಂದೆ ಆ ಪಿಂಗಾಣಿ ಒಂದು ಸಲವೂ ಸುಂಯ್ ಎನ್ನಲಿಲ್ಲ.

ಬಿಜಲಿ ಬಿಟ್ಟುಕೊಟ್ಟ ನನ್ನ ಗಂಡನನ್ನು ಜ್ವರ ಬಿಡಲಿಲ್ಲ. ಲಡಾಯಿ ಮುಗಿದ ಮೇಲೆ, ಒಂದು ಬೇಸಿಗೆ ಯಲಬುರ್ಗಾಕ್ಕೆ ಹೋದಾಗ ಹಾಸಿಗೆ ಹಿಡಿದರು, ವೈದ್ಯರು ವಿಷಮಜ್ವರ ಎಂದರು. ಏಳಲಿಲ್ಲ. ಇಷ್ಟೇ ಹೇಳಬಲ್ಲೆ, ಹೆಚ್ಚು ನನ್ನಿಂದಾಗದು.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ನನ್ನನ್ನು ಪಡಸಾಲೆಯಲ್ಲಿ ಕೂಡಿಸಿದರು. ಯಾಕೆಂದು ನನಗೆ ಗೊತ್ತಿತ್ತು. ಹಣೆ ಒರೆಸುವ ಕೆಲಸ ಮನೆಯ ಹಿರಿಯ ವಿಧವೆಯದು. ಒಂದು ಹಸಿ ಅರಿವೆ ತಂದು ಅತ್ತೆಯ ಕೈಗೆ ಕೊಟ್ಟರು. ನಾನು ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದೆ. ಹಣೆಗೆ ಅರಿವೆ ತಾಗಲಿಲ್ಲ. ಬಹಳ ಹೊತ್ತಾದರೂ ತಾಗಲಿಲ್ಲ. ಕಣ್ಣು ತೆರೆದರೆ ಅತ್ತೆ ನನ್ನ ಮುಂದೆಯೇ ಕೂತಿದ್ದಳು, ಅರಿವೆ ಅವಳ ಮುಷ್ಟಿಯೊಳಗಿತ್ತು.

"ಒರಸವಾ, ಹೊತ್ತಾತು," ಎಂದಳು ಒಬ್ಬಳು.

"ಆವತ್ತ ಒರಸಿದ್ದು ನನ್ನ ಮಗ ಉಳೀಲಿ ಅಂತ," ಎಂದಳು ಅತ್ತೆ. "ಇದನ್ನ ಒರಸಿದ್ರ ಯಾರು ಉಳೀತಾರ, ಹೇಳ್ರಿ?"

ನನ್ನ ಅಳು ನಿಂತುಹೋಯಿತು. ಅತ್ತೆ ಎದ್ದು ಅಂಗಳಕ್ಕೆ ಹೋಗಿ, ಆ ಅರಿವೆಯನ್ನು ಹಿಂಡಿ ಬಿಸಿಲಿಗೆ ಹಾಕಿದಳು. ಕುಂಕುಮ ನನ್ನ ಹಣೆಯ ಮೇಲೆಯೇ ಇತ್ತು.